ಹದಿನೆಂಟು ಮೀಟರ್

ಮಂಗಳವಾರ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಅಭಿಪ್ರಾಯ ಗುಮಾಸ್ತ ಆಸ್ಪತ್ರೆಯ ಕಾರಿಡಾರಿನಲ್ಲಿ ತನ್ನ ಮೇಜಿನ ಧೂಳು ಒರೆಸಿ ಕೂತ. ಹತ್ತೂವರೆಗೆ ಇಲಾಖೆಯಿಂದ ಒಬ್ಬ ಅಧಿಕಾರಿ ಬರುವವರಿದ್ದರು. ಔಷಧಿ ವಿಭಾಗದ ಎರಡನೇ ಕಿಟಕಿಗೆ ಒಬ್ಬರನ್ನು ನೇಮಿಸಬೇಕೋ ಬೇಡವೋ ಎಂಬುದನ್ನು ಅವರು ಅಂದೇ ಬರೆದುಕೊಂಡು ಹೋಗುತ್ತಾರೆಂದು ಸೂಪರಿಂಟೆಂಡೆಂಟರು ಹಿಂದಿನ ದಿನವೇ ಹೇಳಿದ್ದರು. ತೀರ್ಮಾನಕ್ಕೆ ಆಧಾರವಾಗುವುದು ಒಂದೇ ಅಂಕಿ, ಎಂಬತ್ನಾಲ್ಕು. ನೂರು ರೋಗಿಗಳಲ್ಲಿ ಎಂಬತ್ನಾಲ್ಕು ಮಂದಿ ಈ ಸರ್ಕಾರಿ ಆಸ್ಪತ್ರೆಯಿಂದ ತೃಪ್ತರಾಗಿ ಹೊರಗೆ ಹೋಗುತ್ತಿದ್ದರು. ಆ ಅಂಕಿಯನ್ನು ತಿಂಗಳು ತಿಂಗಳು ಕೂಡಿಸಿ ಭಾಗಿಸಿ ಮೇಲಕ್ಕೆ ಕಳಿಸುತ್ತಿದ್ದವನು ಅವನೇ. ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಒಂದು ಫಾರಂ ಕೂಡ ಅವನು ತಿದ್ದಿದವನಲ್ಲ.

ಅವನ ಕೆಲಸ ಇಷ್ಟೇ. ಡಾಕ್ಟರ ಕೋಣೆಯಿಂದ ಹೊರಬರುವವರಲ್ಲಿ ಪ್ರತಿ ಐದನೆಯವರನ್ನು ಕಾವಲುಗಾರ ಬೆರಳೆಣಿಸಿ ನಿಲ್ಲಿಸಿ ಅವನ ಮೇಜಿಗೆ ಕಳಿಸುತ್ತಿದ್ದ. ಅವನು ಐದು ಪ್ರಶ್ನೆ ಕೇಳುತ್ತಿದ್ದ. ಡಾಕ್ಟರು ನಿಮ್ಮ ಮಾತು ಕೇಳಿದರೇ, ಜಾಗ ಶುಚಿಯಾಗಿತ್ತೇ, ಸಿಬ್ಬಂದಿ ಮರ್ಯಾದೆಯಿಂದ ಮಾತಾಡಿದರೇ, ಕಾದದ್ದು ಅತಿಯಾಯಿತೇ, ಮತ್ತೆ ಇಲ್ಲಿಗೇ ಬರುತ್ತೀರಾ. ಓದು ಬಾರದವರಿಗಾಗಿ ರಟ್ಟಿನ ಮೇಲೆ ಐದು ದುಂಡು ಮುಖಗಳನ್ನು ಅಚ್ಚು ಹಾಕಿಸಿದ್ದರು. ಮೊದಲನೆಯದು ಅಳುತ್ತಿತ್ತು, ಐದನೆಯದು ಹಲ್ಲು ಬಿಟ್ಟು ನಗುತ್ತಿತ್ತು. ಜನ ಮುಖದ ಮೇಲೆ ಬೆರಳಿಟ್ಟರೆ ಅವನು ಟಿಕ್ ಹಾಕಬೇಕು. ನಾಲ್ಕನೆಯದಕ್ಕೋ ಐದನೆಯದಕ್ಕೋ ಬೆರಳಿಟ್ಟವರು ತೃಪ್ತರು, ಉಳಿದವರು ಅಲ್ಲ. ಈ ರಟ್ಟಿನ ದೆಸೆಯಿಂದ ಅವನಿಗೆ ಆಸ್ಪತ್ರೆಯಲ್ಲಿ ಮೋರೆ ಗುಮಾಸ್ತ ಎಂಬ ಹೆಸರು ಬಿದ್ದಿತ್ತು. ನರ್ಸುಗಳು ಎದುರಿಗೇ ಹಾಗೆ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಮೊದಲು ಅವನು ಎಕ್ಸ್‌ರೇ ವಿಭಾಗದ ಕತ್ತಲೆ ಕೋಣೆಯಲ್ಲಿದ್ದ. ಇಪ್ಪತ್ತೆರಡು ವರ್ಷ. ಕೆಂಪು ದೀಪದ ಕೆಳಗೆ ಫಿಲ್ಮನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಅದ್ದಿ, ನೀರು ಸೋರುವ ಹಾಗೇ ಎತ್ತಿ ಹಿಡಿದರೆ ಮುರಿದದ್ದು ಮುರಿದ ಹಾಗೆ, ಕೂಡಿದ್ದು ಕೂಡಿದ ಹಾಗೆ ಕಾಣುತ್ತಿತ್ತು. ಅಲ್ಲಿ ಯಾರೂ ಅವನ ಮುಖ ನೋಡುತ್ತಿರಲಿಲ್ಲ. ಅವನೂ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಹೊಸ ಯಂತ್ರ ಬಂದ ವಾರ ತೊಟ್ಟಿಗಳನ್ನು ಹೊರಗೆ ಹಾಕಿದರು. ಅವನನ್ನು ಹೊರಗೆ ಹಾಕುವಂತಿರಲಿಲ್ಲ, ಕಾಯಂ ನೌಕರ. ಮೇಜು ಕೊಟ್ಟರು.

ಮೇಜು ಮೊದಲು ಇದ್ದದ್ದು ಗೇಟಿನ ಹತ್ತಿರ, ತಗಡಿನ ಚಪ್ಪರದ ಕೆಳಗೆ. ಡಾಕ್ಟರನ್ನು ಕಂಡು, ಔಷಧಿ ಕಿಟಕಿಯ ಸಾಲು ಮುಗಿಸಿ, ಮಾತ್ರೆಯ ಪೊಟ್ಟಣ ಕೈಯಲ್ಲಿ ಹಿಡಿದು ಹೊರಡುವವರು ಅವನೆದುರು ಹಾದು ಹೋಗಬೇಕಿತ್ತು. ಅಲ್ಲಿ ಹನ್ನೊಂದರ ಮೇಲೆ ಬಿಸಿಲು ಮೇಜಿನ ಮೇಲೆಯೇ ಬಂದು ಕೂರುತ್ತಿತ್ತು, ಗಾಳಿಗೆ ಫಾರಂಗಳು ಹಾರುತ್ತಿದ್ದವು. ಏಪ್ರಿಲ್ ತಿಂಗಳಲ್ಲಿ ಅವನ ಕುತ್ತಿಗೆಯ ಸುತ್ತ ಬೆವರುಗುಳ್ಳೆ ಎದ್ದು, ಕಾಲರು ತಾಗಿದರೆ ಉರಿಯತೊಡಗಿತು. ಒಂದು ದಿನ ಕಾವಲುಗಾರನ ಕೈಕಾಲು ಹಿಡಿದು ಇಬ್ಬರೂ ಸೇರಿ ಮೇಜನ್ನು ಒಳಗೆ ಎತ್ತಿ ತಂದು ಡಾಕ್ಟರ ಕೋಣೆಗೂ ಔಷಧಿ ಕಿಟಕಿಗೂ ನಡುವೆ, ಫ್ಯಾನಿನ ಕೆಳಗೆ ಇಟ್ಟರು. ಅವನಿಗೆ ಬೇಕಾಗಿದ್ದದ್ದು ನೆರಳು ಮಾತ್ರ. ಆಣೆ ಮಾಡಿ ಹೇಳಬಲ್ಲ. ಮಾರ್ಚಿನಲ್ಲಿ ಅರವತ್ತೊಂದಿದ್ದ ಅಂಕ ಮೇ ಕೊನೆಗೆ ಎಪ್ಪತ್ತೊಂಬತ್ತಾಯಿತು, ಜುಲೈಯಲ್ಲಿ ಎಂಬತ್ನಾಲ್ಕು. ಅವನು ಮೂರು ಸಲ ಕೂಡಿಸಿ ನೋಡಿದ. ನಾಲ್ಕನೇ ಸಲ ಕೂಡಿಸುವಾಗ ಅವನಿಗೆ ಕಾರಣ ಹೊಳೆಯಿತು, ಹೊಳೆದದ್ದೇ ಪೆನ್ನು ಕೆಳಗಿಟ್ಟು ಸುತ್ತ ನೋಡಿದ, ಯಾರಾದರೂ ತನ್ನನ್ನು ಗಮನಿಸುತ್ತಿದ್ದಾರೋ ಎಂಬಂತೆ. ಈಗ ಅವನ ಮುಂದೆ ಕೂರುವವರು ಆಗಷ್ಟೇ ಡಾಕ್ಟರ ಮುಖ ಕಂಡವರು. ಬದುಕಿದೆ ಎಂಬ ಸಮಾಧಾನ ಅವರ ಮೈಯಲ್ಲಿ ಇನ್ನೂ ಬಿಸಿಯಾಗಿರುತ್ತಿತ್ತು. ಸಾಲು ಇನ್ನೂ ಅವರ ಮುಂದಿತ್ತು. ಕಾದದ್ದು ಅತಿಯಾಯಿತೇ ಎಂದು ಅವನು ಕೇಳುತ್ತಿದ್ದದ್ದು ಕಾಯುವುದಕ್ಕೆ ಮುಂಚೆ.

ಸೂಪರಿಂಟೆಂಡೆಂಟರು ಅವನನ್ನು ಕೋಣೆಗೆ ಕರೆಸಿ, ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಕುರ್ಚಿ ತೋರಿಸಿದರು. ಚಹಾ ಬಂತು. ಏನು ಮಾಡಿದ್ದರಿಂದ ಅಂಕ ಏರಿತು ಅಂತೀರಾ ಎಂದು ಕೇಳಿದವರು ಅವನು ಬಾಯಿ ತೆರೆಯುವ ಮೊದಲೇ ತಾವೇ ಉತ್ತರ ಹೇಳಿಬಿಟ್ಟರು. ಜೂನಿನಲ್ಲಿ ಸಿಬ್ಬಂದಿಗೆ ಎರಡು ದಿನ ಕೊಡಿಸಿದ ನಡವಳಿಕೆಯ ತರಬೇತಿಯ ಫಲವಂತೆ. ಅವನು ತಲೆಯಾಡಿಸಿದ. ಅದೊಂದು ಸಣ್ಣ ತಲೆಯಾಟ, ಕಾಲರು ಉಜ್ಜದ ಹಾಗೆ ಎಚ್ಚರದಿಂದ ಮಾಡಿದ್ದು. ಆಮೇಲೆ ಎಷ್ಟೋ ಸಲ, ಸ್ನಾನ ಮಾಡುವಾಗ, ಬಸ್ಸಿಗೆ ನಿಂತಾಗ, ಆ ತಲೆಯಾಟ ಅವನಿಗೆ ನೆನಪಾಗಿ ಕಿವಿ ಬಿಸಿಯಾಗುತ್ತಿತ್ತು. ಒಂದು ಭಾನುವಾರ ಅವನು ಅಕ್ಕನ ಹೊಲಿಗೆ ಡಬ್ಬಿಯಿಂದ ಟೇಪು ತಂದು, ಯಾರೂ ಇಲ್ಲದ ಕಾರಿಡಾರಿನಲ್ಲಿ ಮಂಡಿಯೂರಿ, ಹಳೆಯ ಜಾಗದಿಂದ ಹೊಸ ಜಾಗಕ್ಕೆ ಅಳೆದ. ಹದಿನೆಂಟು ಮೀಟರ್.

ಔಷಧಿ ಕಿಟಕಿಯಾಕೆಗೆ ಮಾತ್ರ ವಾಸನೆ ಹತ್ತಿತ್ತು. ಹದಿನಾಲ್ಕು ವರ್ಷದಿಂದ ಅದೇ ಕಿಟಕಿಯಲ್ಲಿ ಕೂತು ದಿನಕ್ಕೆ ಅರವತ್ತು ಎಪ್ಪತ್ತು ಚೀಟಿ ಓದುತ್ತಿದ್ದವಳು. ಅವಳ ಪಕ್ಕದ ಎರಡನೇ ಕಿಟಕಿ ಕಟ್ಟಿ ಎರಡು ವರ್ಷವಾಗಿತ್ತು, ಕೂರುವವರಿಲ್ಲದೆ ಶಟರು ಇಳಿದೇ ಇತ್ತು, ಅದರ ಮೇಲೆ ಯಾರೋ ಕೈ ತೊಳೆಯುವ ಚಿತ್ರ ಅಂಟಿಸಿದ್ದರು. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರಿಗೆ ತಿಂಗಳ ಮಾತ್ರೆ ಕೊಡುತ್ತಿದ್ದ ಮಂಗಳವಾರಗಳಂದು ಸಾಲು ಗೇಟಿನವರೆಗೂ ಹೋಗುತ್ತಿತ್ತು. ಅವನು ಕದ್ದು ಗಡಿಯಾರ ನೋಡಿ ಗುರುತು ಹಾಕಿಕೊಂಡಂತೆ ಸರಾಸರಿ ನೂರಾ ಹನ್ನೆರಡು ನಿಮಿಷ. ಒಂದು ಗಂಟೆಗೆ ಕಿಟಕಿ ಮುಚ್ಚಿದರೆ ಉಳಿದವರು ನಾಳೆ ಬರಬೇಕು. ಮಾತ್ರೆ ಹೊರಗೆ ಮಾರಾಟವಾಗುತ್ತಿದೆಯೆಂಬ ದೂರು ಬಂದಮೇಲೆ ರೋಗಿಯೇ ಬಂದು ಹೆಬ್ಬೆಟ್ಟು ಒತ್ತಬೇಕೆಂದು ಕೆಂಪಕ್ಷರದಲ್ಲಿ ಬರೆದು ಹಾಕಿದ್ದರು. ಜಾಗ ಹಿಡಿಯುವ ಜಗಳ ಅತಿಯಾಗಿ, ಸಾಲು ಬಿಟ್ಟವರು ಕೊನೆಗೇ ಹೋಗಬೇಕೆಂದು ಕಾವಲುಗಾರ ತಾನೇ ಒಂದು ಕಾನೂನು ಮಾಡಿದ್ದ. ಒಮ್ಮೆ ಊಟದ ಹೊತ್ತಿನಲ್ಲಿ ಆಕೆ ಕೈ ಒರೆಸಿಕೊಳ್ಳುತ್ತಾ ಅವನ ಮೇಜಿನ ಮುಂದೆ ನಿಂತು, ಐದು ಮುಖಗಳ ರಟ್ಟನ್ನು ಎತ್ತಿ ನೋಡಿ, ನಗದೆ ಹೇಳಿದ್ದಳು:

"ನನ್ನ ಕಿಟಕಿ ದಾಟಿ ಬಂದವರನ್ನ ಕೇಳೋ ಧೈರ್ಯ ಇಲ್ಲ, ಅಲ್ವಾ ನಿಮಗೆ?"

ಅವನು ಬಿಸಿಲು, ಬೆವರುಗುಳ್ಳೆ ಎಂದೇನೋ ತೊದಲಿದ್ದ. ಅವಳು ಅವನ ಕುತ್ತಿಗೆಯನ್ನೊಮ್ಮೆ ನೋಡಿ, ಒಳಗೆ ಹೋಗಿ, ಹಚ್ಚಿಕೊಳ್ಳಲು ಒಂದು ಮುಲಾಮಿನ ಟ್ಯೂಬು ತಂದು ರಟ್ಟಿನ ಮೇಲೆ ಇಟ್ಟು ಹೋದಳು. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

ಅಧಿಕಾರಿ ಹತ್ತೂ ಮೂವತ್ತೈದಕ್ಕೆ ಬಂದರು. ಅವನು ಊಹಿಸಿದ್ದ ದರ್ಪದ ಮನುಷ್ಯನಿಗೆ ಬದಲಾಗಿ ಮೂವತ್ತರ ಆಸುಪಾಸಿನ, ತೆಳ್ಳಗಿನ, ಗೆರೆ ಹಾಕಿದ ನೋಟ್‌ಬುಕ್ಕಿನ ಹೆಣ್ಣುಮಗಳು. ಔಷಧಿ ಕಿಟಕಿಯತ್ತ ನೋಡಿ ತಲೆ ಎಣಿಸಿ ಬರೆದುಕೊಂಡರು, ಒಂಬತ್ತು ಜನ. ಆ ಹೊತ್ತಿಗೆ ಅಲ್ಲಿ ಇರುತ್ತಿದ್ದದ್ದು ಒಂಬತ್ತೇ. ಡಾಕ್ಟರು ನೋಡಲು ಶುರುಮಾಡಿ ಅರ್ಧ ಗಂಟೆಯಾಗಿತ್ತಷ್ಟೇ, ಹಳೆಯ ಚೀಟಿಯವರೂ ಬಂದು ಸೇರಿ ಸಾಲು ಉಬ್ಬುತ್ತಿದ್ದದ್ದು ಹನ್ನೊಂದರ ಹೊತ್ತಿಗೆ. ಅದನ್ನು ಹೇಳಬೇಕೆಂದು ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸೂಪರಿಂಟೆಂಡೆಂಟರು ಅವನ ಕುರ್ಚಿಯ ಪಕ್ಕಕ್ಕೇ, ಔಷಧಿ ಕಿಟಕಿಗೆ ಬೆನ್ನಾಗುವಂತೆ, ಇನ್ನೊಂದು ಕುರ್ಚಿ ಹಾಕಿಸಿ, ನಮ್ಮ ಈತನ ಕೈಯಲ್ಲಿ ಒಂದು ಫಾರಂ ಕೂಡ ಆಚೀಚೆ ಆಗೋದಿಲ್ಲ ಮೇಡಂ, ಬೇಕಾದರೆ ನೀವೇ ಕೂತು ನೋಡಿ ಎಂದರು. ಆಕೆ ಕೂತರು. ಫ್ಯಾನಿನ ಗಾಳಿಗೆ ಒಮ್ಮೆ ಕಣ್ಣು ಮುಚ್ಚಿ ತೆರೆದು, ಇಲ್ಲಿ ಹಾಯಾಗಿದೆ ಎಂದರು.

ಮೊದಲು ಕೂತವನು ಕಟ್ಟಡ ಕೆಲಸದ ಮೇಸ್ತ್ರಿ, ಎಲ್ಲಕ್ಕೂ ನಾಲ್ಕನೇ ಮುಖ. ಆಮೇಲೆ ಒಬ್ಬ ಮುದುಕ, ಡಾಕ್ಟರು ತನ್ನ ಬೆನ್ನು ತಟ್ಟಿದ್ದನ್ನು ಎರಡೆರಡು ಸಲ ಹೇಳಿದ. ಅಧಿಕಾರಿ ಅವರಿಬ್ಬರಿಗೂ ಔಷಧಿಗೆ ಎಷ್ಟು ಹೊತ್ತು ಕಾಯುತ್ತೀರಿ ಎಂದು ತಾವಾಗಿ ಒಂದು ಪ್ರಶ್ನೆ ಸೇರಿಸಿ ಕೇಳಿದರು. ಒಬ್ಬ ಏನೋ ಸ್ವಲ್ಪ ಎಂದ, ಇನ್ನೊಬ್ಬ ಪರವಾಗಿಲ್ಲ ಎಂದ. ಸರ್ಕಾರದ ಕುರ್ಚಿಯೆದುರು ಜನ ಹೀಗೆಯೇ ಮಾತಾಡುತ್ತಾರೆ, ಎಲ್ಲಿ ಚೀಟಿ ಕಿತ್ತುಕೊಂಡುಬಿಡುತ್ತಾರೋ ಎಂಬ ಹಾಗೆ ಅದನ್ನು ಎದೆಗೊತ್ತಿ ಹಿಡಿದುಕೊಂಡು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಕಾವಲುಗಾರ ಬೆರಳು ಮಡಿಸಿ ಐದನೆಯವರನ್ನು ಕಳಿಸಿದ. ಬಂದವಳು ಅವನ ಅಕ್ಕ.

ಮಂಗಳವಾರ ಅಕ್ಕ ಬರುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಒಂದೂವರೆ ವರ್ಷದಿಂದ ರಕ್ತದೊತ್ತಡದ ಮಾತ್ರೆಗೆಂದು ತಿಂಗಳಿಗೊಂದು ಮಂಗಳವಾರ ಬರುತ್ತಿದ್ದಳು. ಅವನ ಮೇಜಿನ ಮುಂದೆ ಹಾಯುವಾಗ ಹುಬ್ಬು ಎತ್ತುತ್ತಿದ್ದಳು, ಅವನು ಹುಬ್ಬು ಎತ್ತುತ್ತಿದ್ದ, ಅಷ್ಟೇ. ಐದನೆಯವಳಾಗಿ ಯಾವತ್ತೂ ಸಿಕ್ಕಿರಲಿಲ್ಲ. ಸಿಬ್ಬಂದಿಯ ಸಂಬಂಧಿಕರನ್ನು ಬಿಟ್ಟು ಮುಂದಿನವರನ್ನು ಕರೆಯಬೇಕೆಂದು ನಿಯಮವಿತ್ತು. ಇವರು ನನ್ನ ಅಕ್ಕ, ಇವರನ್ನು ಬಿಡಬೇಕು ಎಂದರೆ ಮುಗಿದಿತ್ತು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ಈ ಮನುಷ್ಯ ತನ್ನ ಮನೆಯವರನ್ನೇ ಕೂರಿಸಿ ಅಂಕ ಮಾಡಿಕೊಂಡಿದ್ದಾನೆ ಎಂದುಕೊಂಡುಬಿಟ್ಟರೆ? ಮಾಡದ ತಪ್ಪಿಗೆ ಸಿಕ್ಕಿಬಿದ್ದರೆ ಮಾಡಿದ ತಪ್ಪೂ ಬಿಚ್ಚಿಕೊಳ್ಳುತ್ತದೆ ಎಂದು ಅವನು ಲೆಕ್ಕ ಹಾಕಿದ. ಅಕ್ಕನ ಹಣೆಯ ಬಲಗಡೆ ಒಂದು ಹಳದಿಗಟ್ಟಿದ ಕಲೆಯಿತ್ತು. ಹದಿನೈದು ದಿನದ ಹಿಂದೆ ಅವಳ ಮನೆಗೆ ಹೋದಾಗ ಅದು ನೀಲಿಯಾಗಿತ್ತು, ಅವನು ಕೇಳಿರಲಿಲ್ಲ.

"ಕೂತ್ಕೊಳ್ಳಿ ಅಮ್ಮಾ," ಎಂದ.

ಅಕ್ಕ ಅವನನ್ನು ನೋಡಿದಳು. ಪಕ್ಕದಲ್ಲಿದ್ದ ಕುರ್ಚಿಯನ್ನು ನೋಡಿದಳು, ಅದರಲ್ಲಿ ಕೂತವರ ನೋಟ್‌ಬುಕ್ಕನ್ನು ನೋಡಿದಳು. ರೆಪ್ಪೆ ಬಡಿಯುವಷ್ಟರಲ್ಲಿ ಅವಳಿಗೆ ಎಲ್ಲ ಅರ್ಥವಾಗಿಹೋಯಿತು, ಅಥವಾ ಅವಳಿಗೆ ಬೇಕಾದಷ್ಟು ಅರ್ಥವಾಯಿತು. ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತು, ಹೇಳಿ ಸಾರ್ ಎಂದಳು. ಎಂಟನೇ ತರಗತಿಯಲ್ಲಿ ಅವನು ಊಟದ ಡಬ್ಬಿ ಮರೆತು ಹೋದ ದಿನ ಅವಳು ಸೂಜಿ ಚುಚ್ಚಿದ ಸೀರೆಯಲ್ಲೇ, ಎದೆಯ ಮೇಲೆ ನೂಲಿನ ಚೂರುಗಳನ್ನು ಅಂಟಿಸಿಕೊಂಡೇ ಶಾಲೆಯ ಗೇಟಿಗೆ ಓಡಿ ಬಂದಿದ್ದಳು. ಅಮ್ಮ ಸತ್ತು ಎರಡು ವರ್ಷವಾಗಿತ್ತು, ಅವಳಿಗೆ ಇಪ್ಪತ್ತೊಂದು, ಶಾಲಾ ಸಮವಸ್ತ್ರ ಹೊಲಿದು ಅವನನ್ನು ಓದಿಸುತ್ತಿದ್ದಳು. ಯಾರೋ ಅದು ಎಂದು ಗೆಳೆಯರು ಕೇಳಿದರೆ ಅವನು ನಮ್ಮ ಬೀದಿಯ ಟೈಲರ್ ಎಂದಿದ್ದ. ಎರಡು ಮಾರು ದೂರದಲ್ಲಿದ್ದವಳಿಗೆ ಕೇಳಿಸದೆ ಇರಲು ಸಾಧ್ಯವಿರಲಿಲ್ಲ. ಅವಳು ಡಬ್ಬಿ ಕೈಗಿಟ್ಟು, ಪ್ಯಾಂಟು ನಾಳೆ ಕೊಡ್ತೀನಪ್ಪಾ ಅಂತ ಮನೇಲಿ ಹೇಳು ಎಂದು ತಿರುಗಿ ಹೋಗಿದ್ದಳು. ಆ ಸಂಜೆ ಮನೆಯಲ್ಲಿ ಆ ಬಗ್ಗೆ ಒಂದು ಮಾತೂ ಬರಲಿಲ್ಲ. ನಲವತ್ತು ವರ್ಷದಲ್ಲಿ ಬಂದಿಲ್ಲ.

ಡಾಕ್ಟರು ನಿಮ್ಮ ಮಾತು ಕೇಳಿದರೇ ಎಂದು ಅವನು ಓದಿದ. ತನ್ನ ದನಿ ತನಗೇ ರೈಲು ನಿಲ್ದಾಣದ ಪ್ರಕಟಣೆಯಂತೆ ಕೇಳಿಸಿತು. ಅಕ್ಕ ನಗುವ ಮುಖದ ಮೇಲೆ ಬೆರಳಿಟ್ಟಳು. ಉಗುರಿನ ಪಕ್ಕದಲ್ಲಿ ಸೂಜಿ ನಾಟಿ ನಾಟಿ ಕಪ್ಪಾದ ಬೆರಳು. ಎರಡನೆಯದಕ್ಕೂ ಅದೇ ಮುಖ, ಮೂರನೆಯದಕ್ಕೂ, ನಾಲ್ಕನೆಯದಕ್ಕೂ. ಬೆರಳನ್ನು ಎತ್ತುವ ಗೋಜಿಗೇ ಹೋಗದೆ ಅಲ್ಲಿಯೇ ಇಟ್ಟುಕೊಂಡಿದ್ದಳು. ಅವನು ಟಿಕ್ ಹಾಕಿದ. ಅಧಿಕಾರಿ ಮುಂದಕ್ಕೆ ಬಾಗಿ, ಮೆತ್ತಗೆ, ಔಷಧಿಗೆ ತುಂಬಾ ಹೊತ್ತು ನಿಲ್ಲಬೇಕಾಗುತ್ತಾ ಅಮ್ಮಾ, ಹೆದರದೆ ಹೇಳಿ ಎಂದರು. ಆ ದನಿಯಲ್ಲಿ ನಿಜವಾದ ಕಾಳಜಿ ಇತ್ತು, ಅದು ಅವನಿಗೆ ಕೇಳಿಸಿತು. ಅಕ್ಕ ನಿಜ ಹೇಳಿದರೆ ಆಕೆ ಬರೆದುಕೊಳ್ಳುತ್ತಿದ್ದರು.

"ಎಲ್ಲಿಯ ನಿಲ್ಲೋದು ತಾಯಿ. ಹೀಗೆ ಹೋಗಿ ಹಾಗೆ ಬರೋದು," ಎಂದಳು ಅಕ್ಕ. ಅವನ ಕಡೆ ನೋಡಲಿಲ್ಲ. "ಈ ಸಾರ್ ಕೂಡ ಎಷ್ಟು ಮರ್ಯಾದೆಯಾಗಿ ಮಾತಾಡಿಸ್ತಾರೆ."

ಅಧಿಕಾರಿ ನಕ್ಕು ಬರೆದುಕೊಂಡರು. ಅಕ್ಕ ಎದ್ದು, ಮಂಡಿಯ ಮೇಲೆ ಕೈಯೂರಿ ನೆಟ್ಟಗಾಗಿ, ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಅವನು ತಿರುಗಿ ಎಣಿಸಿದ. ಅವಳ ಮುಂದೆ ಮೂವತ್ತನಾಲ್ಕು ಜನ. ಮುಂದಿನವರು ಬಂದು ಕೂತರು, ಅವನು ಪ್ರಶ್ನೆ ಓದಿದ, ಟಿಕ್ ಹಾಕಿದ. ಹತ್ತು ನಿಮಿಷದಲ್ಲಿ ಅಧಿಕಾರಿ ಫೈಲು ನೋಡಲು ಸೂಪರಿಂಟೆಂಡೆಂಟರ ಜೊತೆ ಡಾಕ್ಟರ ಕೋಣೆಯ ಪಕ್ಕದ ಮೆಟ್ಟಿಲಿನಿಂದ ಮಹಡಿ ಹತ್ತಿದರು. ಆ ಕೋಣೆಯ ಕಿಟಕಿಗಳು ತೆರೆಯುತ್ತಿದ್ದದ್ದು ಹಿಂಬದಿಯ ತೋಟಕ್ಕೆ.

ಹನ್ನೆರಡೂ ಇಪ್ಪತ್ತಕ್ಕೆ ಸಾಲು ಗೇಟು ಮುಟ್ಟಿತ್ತು. ಅಕ್ಕನ ಮುಂದೆ ಇನ್ನೂ ಹದಿನಾಲ್ಕು ಜನ. ಅವಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು, ತುಟಿ ಬಿಗಿದಿತ್ತು. ಅವನು ಮೇಜು ಬಿಟ್ಟು ಹೋಗಿ ಅವಳ ಪಕ್ಕ ನಿಂತ. ಚೀಟಿ ಕೊಡು, ಹಿಂದಿನ ಬಾಗಿಲಿಂದ ಕೇಳಿ ನೋಡ್ತೀನಿ ಎಂದ. ಆ ಕಿಟಕಿಯಾಕೆ ಹಿಂಬಾಗಿಲಿಗೆ ಬಗ್ಗುವವಳಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಬೇಡ ಎಂದಳು. ಅವನು ಹಣೆಯ ಕಲೆ ಏನೆಂದು ಕೇಳಿದ, ಕೇಳುವ ಜಾಗ ಅದಲ್ಲವೆಂದು ಗೊತ್ತಿದ್ದೂ. ಬಚ್ಚಲ ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದೆ ಎಂದಳು, ಯಾರೋ ಬೇರೆಯವರ ಸುದ್ದಿ ಹೇಳುವಂತೆ. ಡೋಸು ಹೆಚ್ಚು ಮಾಡಿದಾಗಿನಿಂದ ಆಗಾಗ ಹಾಗೆ ಆಗುತ್ತದಂತೆ. ಮತ್ತೆ ಡಾಕ್ಟರು ಇವತ್ತು ಏನಂದರು ಎಂದು ಕೇಳಿದ. ಇವತ್ತೂ ನೂರಾ ಎಪ್ಪತ್ತರ ಮೇಲಿದೆ, ಇನ್ನರ್ಧ ಮಾತ್ರೆ ಸೇರಿಸಿದಾರೆ ಎಂದಳು. ಪ್ರತಿ ಸಲ ನೋಡಿದಾಗಲೂ ಹೆಚ್ಚೇ ಇರುತ್ತಲ್ಲ ಎಂದ ಅವನು.

"ಇರದೆ ಏನು ಮಾಡುತ್ತೆ," ಎಂದಳು, ದನಿ ತಗ್ಗಿಸಿ. "ಮಂಗಳವಾರ ನಾನು ಮಾತ್ರೆ ನುಂಗಲ್ಲ ಕಣೋ. ಅದನ್ನ ನುಂಗಿದ್ರೆ ಗಂಟೆಗೆ ಎರಡು ಸಲ ಬಚ್ಚಲಿಗೆ ಹೋಗಬೇಕು. ಇಲ್ಲಿ ಸಾಲು ಬಿಟ್ರೆ ಮುಗೀತು. ಸೋಮವಾರ ಮಧ್ಯಾಹ್ನದಿಂದಲೇ ಬಿಟ್ಟಿರ್ತೀನಿ, ನೀರೂ ಕುಡಿಯಲ್ಲ."

ಅವನಿಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ಒಂದೊಂದಾಗಿ, ತೊಟ್ಟಿಯಲ್ಲಿ ಫಿಲ್ಮು ಮೂಡುವ ಹಾಗೆ, ತಿಳಿಯಿತು. ಮಾತ್ರೆ ಬಿಟ್ಟ ದಿನವೇ ಡಾಕ್ಟರು ಒತ್ತಡ ನೋಡುತ್ತಾರೆ, ಹೆಚ್ಚಿರುತ್ತದೆ. ಡೋಸು ಏರಿಸುತ್ತಾರೆ. ಉಳಿದ ಇಪ್ಪತ್ತೊಂಬತ್ತು ದಿನ ಅವಳು ಆ ಏರಿಸಿದ ಡೋಸನ್ನು ತಪ್ಪದೆ ನುಂಗಿ ಮೆಟ್ಟಿಲ ಮೇಲೆ ಬೀಳುತ್ತಾಳೆ. ಹೆಂಗಸರ ಶೌಚಾಲಯ ಕಟ್ಟಡದ ಹಿಂದೆ, ಇನ್ನೂರು ಹೆಜ್ಜೆ, ಬೀಗದ ಕೈ ನರ್ಸಿನ ಹತ್ತಿರ. ಹನ್ನೊಂದು ವರ್ಷ ಓದಿ ಡಾಕ್ಟರಾದವರು, ಚೀಟಿ, ಮಾತ್ರೆ, ಎಲ್ಲವೂ ಸರಿಯಿತ್ತು, ಸಾಲೊಂದು ನಡುವೆ ನಿಂತಿತ್ತು. ಡಾಕ್ಟರಿಗೆ ಹೇಳಬಾರದಿತ್ತಾ ಎಂದ, ಸಿಟ್ಟಿನಿಂದ. ಆ ಸಿಟ್ಟು ಯಾರ ಮೇಲಿನದೆಂದು ಅವನಿಗೆ ಗೊತ್ತಿತ್ತು. ಅಕ್ಕ ಅವನನ್ನು ಮೊದಲ ಬಾರಿಗೆ ನೆಟ್ಟಗೆ ನೋಡಿ, ಮಾತ್ರೆ ನುಂಗದೆ ಬಂದೆ ಅಂದ್ರೆ ಬೈಯಲ್ವೇನೋ, ಎಂದಳು. ಹಿಂದೆ ನಿಂತ ಹೆಂಗಸು, ಮಾತಾಡೋದಿದ್ರೆ ಪಕ್ಕಕ್ಕೆ ಹೋಗಿ ಮಾತಾಡಿ, ಸಾಲು ಮುಂದಕ್ಕೆ ಹೋಯ್ತು ಎಂದಳು. ಅಕ್ಕ ಒಂದು ಹೆಜ್ಜೆ ಮುಂದೆ ಹೋದಳು.

ಅವನು ಮಹಡಿ ಹತ್ತಿದ. ಇಪ್ಪತ್ತನಾಲ್ಕು ಮೆಟ್ಟಿಲು. ಹತ್ತುವಾಗ ಬಾಯಿಪಾಠ ಮಾಡಿಕೊಂಡ, ಮೂರು ವಾಕ್ಯ: ನಾನು ಮೇಜು ಒಳಗೆ ತಂದೆ, ಅದಕ್ಕೇ ಅಂಕ ಏರಿದ್ದು. ಕೆಳಗೆ ಸಾಲು ಗೇಟಿನವರೆಗಿದೆ, ಬಂದು ನೋಡಿ. ಆಗ ಮಾತಾಡಿದ ಹೆಂಗಸು ನನ್ನ ಅಕ್ಕ, ಅವಳು ಹೇಳಿದ್ದು ಸುಳ್ಳು. ಮೆಟ್ಟಿಲ ತಿರುವಿನಲ್ಲಿ ಮೂರನೆಯದನ್ನು ಮೊದಲನೆಯದಾಗಿ ಹೇಳಬೇಕೆಂದು ತೀರ್ಮಾನಿಸಿದ. ಕೋಣೆಯಲ್ಲಿ ತಂಪಿತ್ತು. ಅಧಿಕಾರಿ ಬರೆಯುತ್ತಿದ್ದರು, ಸೂಪರಿಂಟೆಂಡೆಂಟರು ಕಣ್ಣಿನಲ್ಲೇ ಏನು ಎಂದರು. ಆ ಕಣ್ಣು ಅವನನ್ನು ಕುರ್ಚಿಯಲ್ಲಿ ಕೂರಿಸಿದ್ದ ಕಣ್ಣು. ಒಂದು ವಿಷಯ ಹೇಳೋದಿತ್ತು ಎಂದ. ಹೇಳಿ, ಎಂದರು ಅಧಿಕಾರಿ, ಪೆನ್ನು ಕೆಳಗಿಟ್ಟು. ಅಷ್ಟು ಗಮನ ಕೊಟ್ಟು ಅವನ ಮಾತು ಕೇಳಲು ಸಿದ್ಧರಾದವರು ಆ ಆಸ್ಪತ್ರೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಏಪ್ರಿಲ್‌ನಲ್ಲಿ ಮೇಜಿನ ಜಾಗ ಬದಲಾಯ್ತು ಮೇಡಂ. ಮೊದಲು ಔಷಧಿ ಕಿಟಕಿ ದಾಟಿದ ಮೇಲಿತ್ತು, ಈಗ ಅದಕ್ಕೂ ಮುಂಚೆ ಇದೆ. ಅಂಕದ ಮೇಲೆ ಅದರದ್ದೂ ಏನಾದ್ರೂ ಪರಿಣಾಮ ಇರಬಹುದು."

ಆ ಮಾತಿನಲ್ಲಿ ಮೇಜು ತಾನಾಗಿ ನಡೆದು ಒಳಗೆ ಬಂದಿತ್ತು. ಸೂಪರಿಂಟೆಂಡೆಂಟರ ಮುಖ ಬಿಳಿಚಿಕೊಂಡದ್ದನ್ನು ಅವನು ಕಂಡ. ಆದರೆ ಅಧಿಕಾರಿಯ ಮುಖದಲ್ಲಿ ಅವನು ಕಾಯುತ್ತಿದ್ದದ್ದು ಬರಲಿಲ್ಲ. ಅವರ ಹುಬ್ಬು ಮೇಲೇರಿತು, ಕಣ್ಣು ಹೊಳೆಯಿತು. ಹಳೆಯ ತಿಂಗಳುಗಳ ಅಂಕ ಕೇಳಿ ಬರೆದುಕೊಂಡರು. ಇದನ್ನು ಯಾರೂ ಗಮನಿಸಿರಲಿಲ್ಲ ಎಂದರು. ಸುಸ್ತಾಗಿ ಹೊರಗೆ ಹೋಗುವವರು ಆ ಸುಸ್ತನ್ನೆಲ್ಲ ಡಾಕ್ಟರ ಮೇಲೆ ಹಾಕಿ ಉತ್ತರ ಹೇಳುತ್ತಾರೆ, ನಾವು ಅಳೆಯಬೇಕಾದ್ದು ಚಿಕಿತ್ಸೆಯನ್ನು, ಅದು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಕೇಳಬೇಕು, ಉಳಿದ ಆಸ್ಪತ್ರೆಗಳಲ್ಲಿ ಮೇಜುಗಳೆಲ್ಲ ಗೇಟಿನಲ್ಲೇ ಇವೆ, ಅದಕ್ಕೇ ಅಲ್ಲಿ ಐವತ್ತು ದಾಟುತ್ತಿಲ್ಲ ಎಂದರು. ಸೂಪರಿಂಟೆಂಡೆಂಟರ ಮುಖಕ್ಕೆ ರಕ್ತ ಮರಳಿತು. ನಾನೇ ಹೇಳಿ ಸರಿಸಿದ್ದು ಮೇಡಂ, ಎಂದರು.

ಅಲ್ಲ ಎನ್ನಬೇಕಿತ್ತು. ಅದರ ಬದಲು ಅವನು, ಮತ್ತೆ ಎರಡನೇ ಕಿಟಕಿ ಬೇಕಲ್ಲ ಮೇಡಂ, ಎಂದ. ಆಕೆ ನೋಟ್‌ಬುಕ್ಕಿನ ಹಾಳೆ ಹಿಂದಕ್ಕೆ ತಿರುವಿ, ನಾನು ನೋಡಿದಾಗ ಒಂಬತ್ತು ಜನ ಇದ್ದರು, ಮೂವರನ್ನು ಕೇಳಿದೆ, ಮೂವರೂ ತೊಂದರೆಯಿಲ್ಲ ಅಂದರು, ಆ ಹೆಂಗಸಂತೂ ಹೀಗೆ ಹೋಗಿ ಹಾಗೆ ಬರೋದು ಅಂದರಲ್ಲ, ನೀವೇ ಇದ್ದಿರಿ ಎಂದರು. ಇದ್ದರೆ ಚೆನ್ನಾಗಿತ್ತು ಅನ್ನೋದು ಬೇರೆ, ಬೇಕು ಅನ್ನೋದು ಬೇರೆ, ಇನ್ನೂ ಕಷ್ಟದಲ್ಲಿರುವ ಆಸ್ಪತ್ರೆಗಳಿವೆ. ಆಕೆ ಹೇಳುತ್ತಿದ್ದದ್ದರಲ್ಲಿ ಅನ್ಯಾಯವಿರಲಿಲ್ಲ. ಕೈಗೆ ಬಂದ ಸಂಗತಿಗಳನ್ನು ಆಕೆ ನ್ಯಾಯವಾಗಿಯೇ ತೂಗುತ್ತಿದ್ದರು, ಸಂಗತಿಗಳನ್ನು ಕೊಟ್ಟವನು ಎದುರಿಗೆ ನಿಂತಿದ್ದ. ನನ್ನ ಅಕ್ಕ ಎಂಬ ಎರಡು ಪದ ಅವನ ನಾಲಿಗೆಯ ತುದಿಗೆ ಬಂದಿದ್ದವು, ಅವುಗಳ ರುಚಿಯೂ ತಿಳಿಯುತ್ತಿತ್ತು, ಹಳೆಯ ಕತ್ತಲೆ ಕೋಣೆಯ ಗಾಳಿಯಂತೆ ಹುಳಿ. ಎಷ್ಟು ದೂರ ಸರಿಸಿದಿರಿ, ಅಂದಾಜು ಎಂದು ಆಕೆ ಕೇಳಿದರು.

"ಹದಿನೆಂಟು ಮೀಟರ್," ಎಂದ.

ಅಷ್ಟು ಖಚಿತವಾಗಿ ಗೊತ್ತಿದೆಯಲ್ಲ, ಎಂದು ಆಕೆ ಸಂತೋಷದಿಂದ ಹೇಳಿ, ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಡಲು ಕೇಳಿದರು. ಸೂಪರಿಂಟೆಂಡೆಂಟರು ತಮ್ಮ ಪೆನ್ನನ್ನೇ ಕೊಟ್ಟರು. ಅವನು ಮೇಜಿನ ಮೂಲೆಯಲ್ಲಿ ಕೂತು, ದುಂಡಗಿನ ಅಕ್ಷರದಲ್ಲಿ, ತಿಂಗಳು, ಅಂಕ, ದೂರ, ಎಲ್ಲವನ್ನೂ ತಪ್ಪಿಲ್ಲದೆ ಬರೆದು ಕೊಟ್ಟ. ಕೆಳಗೆ ಸಹಿ ಹಾಕಿದ. ಕೆಳಗಿಳಿದಾಗ ಒಂದು ಗಂಟೆ ಐದು ನಿಮಿಷವಾಗಿತ್ತು, ಕಿಟಕಿ ಮುಚ್ಚಿತ್ತು. ಅಕ್ಕನ ಮುಂದೆ ನಾಲ್ವರು ಇರುವಾಗ ಮುಚ್ಚಿತಂತೆ. ಅವಳು ಬೀಗದ ಕೈ ಇಸಿದುಕೊಂಡು ಕಟ್ಟಡದ ಹಿಂದಕ್ಕೆ ಅವಸರದಿಂದ ಹೋಗುತ್ತಿದ್ದಳು, ಅವನನ್ನು ಕಂಡು ಕೈಚೀಲ ಅವನ ಕೈಗೆ ತುರುಕಿದಳು. ಅವನು ಚೀಲ ಹಿಡಿದು ಗೋಡೆಯ ನೆರಳಿನಲ್ಲಿ ನಿಂತ. ತುಂಬಾ ಹೊತ್ತಾಯಿತು. ಹೊರಗೆ ಬಂದವಳು ಮುಖ ತೊಳೆದುಕೊಂಡಿದ್ದಳು, ಒಂದು ಲೋಟ ನೀರು ಕೊಡಿಸು ಎಂದಳು. ಕುಡಿದಾದ ಮೇಲೆ, ಪಕ್ಕದಲ್ಲಿ ಕೂತಿದ್ದಳಲ್ಲ, ಒಳ್ಳೇ ಹುಡುಗಿ, ಕೇಳೋ ರೀತಿ ಚೆನ್ನಾಗಿತ್ತು ಎಂದಳು. ನಿನ್ನ ಕೆಲಸಕ್ಕೇನೂ ತೊಂದರೆ ಆಗಲಿಲ್ಲ ತಾನೇ? ಇಲ್ಲ ಎಂದ. ಮುಂದಿನ ತಿಂಗಳು ಮಾತ್ರೆ ನುಂಗಿಯೇ ಬಾ, ಡಾಕ್ಟರಿಗೆ ನಾನೇ ಹೇಳ್ತೀನಿ ಎಂದ. ಆಯ್ತು ಸಾರ್ ಎಂದಳು ಅಕ್ಕ. ನಗುತ್ತಿದ್ದಳೋ ಇಲ್ಲವೋ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದರಿಂದ ಅವನಿಗೆ ಗೊತ್ತಾಗಲಿಲ್ಲ.

ಹತ್ತೊಂಬತ್ತನೇ ದಿನ ಸುತ್ತೋಲೆ ಬಂತು. ಜಿಲ್ಲೆಯ ಎಲ್ಲ ಹನ್ನೊಂದು ಆಸ್ಪತ್ರೆಗಳಲ್ಲೂ ಅಭಿಪ್ರಾಯ ಸಂಗ್ರಹದ ಮೇಜನ್ನು ಡಾಕ್ಟರ ಕೋಣೆಗೂ ಔಷಧಿ ಕಿಟಕಿಗೂ ನಡುವೆ ಇಡತಕ್ಕದ್ದು ಎಂದಿತ್ತು. ಎರಡನೇ ಕಿಟಕಿಯ ಹುದ್ದೆ ಬೇರೆ ಆಸ್ಪತ್ರೆಗೆ ಹೋಯಿತು. ಮುಂದಿನ ತಿಂಗಳ ಮಂಗಳವಾರ ಅಕ್ಕ ಮಾತ್ರೆ ನುಂಗಿ ಬಂದಳು. ಅಂದು ಅವಳ ಒತ್ತಡ ನೂರಾ ಇಪ್ಪತ್ತೆಂಟು, ಎಂಬತ್ತು. ಡಾಕ್ಟರು ಡೋಸನ್ನು ಅರ್ಧಕ್ಕೆ ಇಳಿಸಿ ಹೊಸ ಚೀಟಿ ಬರೆದರು. ಹನ್ನೊಂದೂ ಮುಕ್ಕಾಲಿಗೆ ಅವಳು ಸಾಲು ಬಿಟ್ಟು ಕಟ್ಟಡದ ಹಿಂದಕ್ಕೆ ಹೋದಳು. ವಾಪಸು ಬಂದಾಗ ಅವಳ ಜಾಗದಲ್ಲಿ ಬೇರೆಯವರಿದ್ದರು, ಕಾವಲುಗಾರ ಗೇಟಿನ ಕಡೆ ಕೈ ತೋರಿಸಿದ. ಅವಳು ಹೋಗಿ ಕೊನೆಯಲ್ಲಿ ನಿಂತಳು. ಒಂದು ಗಂಟೆಗೆ ಕಿಟಕಿ ಮುಚ್ಚಿದಾಗ ಅವಳ ಮುಂದೆ ಐವತ್ತೆರಡು ಜನ ಇದ್ದರು.